ನಿಧಾನವೇ ಪ್ರಧಾನ ನಿಜ, ಆದ್ರೆ ಯಾವಾಗ?

"ನಿನ್ನ ಜೊತೆ ಪೂಲ್ ಆಡೋದು ಅಂದ್ರೆ ಆಡೋದಲ್ಲ ಮಗಾ, ಕಾಯೋದು."

ಹೋದ ತಿಂಗಳು ನನ್ನ ರೂಮ್‌ಮೇಟ್ ಹೀಗಂದ. ನಗ್ತಾ ನಗ್ತಾನೇ ಅಂದ. ಆದ್ರೆ ಅದಾದ ಮೇಲೆ ಮೂರು ಶನಿವಾರ ಅವನು ನನ್ನ ಜೊತೆ ಬರಲಿಲ್ಲ. ಮೊದಲನೇ ವಾರ ತಲೆನೋವು, ಎರಡನೇ ವಾರ ಆಫೀಸಿನಲ್ಲಿ ರಿಲೀಸ್, ಮೂರನೇ ವಾರ ನಾನೇ ಕರೆಯಲಿಲ್ಲ. ಇಂಜಿನಿಯರಿಂಗ್ ಓದುವಾಗಿನಿಂದ ಜೊತೆಗಿರೋ ಗೆಳೆಯ. ವಾರವೆಲ್ಲಾ ಬೇರೆ ಬೇರೆ ಶಿಫ್ಟು, ಸರಿಯಾಗಿ ಮುಖ ನೋಡಿ ಮಾತಾಡ್ತಿದ್ದದ್ದೇ ಶನಿವಾರ ಸಂಜೆ ಆ ಹಸಿರು ಟೇಬಲ್ಲಿನ ಹತ್ರ. ಹಾಗಾಗಿ ಮಾತು ಸ್ವಲ್ಪ ಚುಚ್ಚಿತು.

ಮೊದಲು ನನಗೆ ಸಿಟ್ಟೇ ಬಂತು. ಯೋಚನೆ ಮಾಡಿ ಆಡೋದು ತಪ್ಪಾ? ಟಪ್ ಟಪ್ ಅಂತ ಹೊಡೆದು ಹೋಗೋಕೆ ಇದೇನು ಗೋಲಿ ಆಟಾನಾ? ಆಮೇಲೆ ಕೂತು ಪ್ರಾಮಾಣಿಕವಾಗಿ ಯೋಚಿಸಿದಾಗ ಒಂದು ವಿಷಯ ಹೊಳೀತು. ನಾನು ನಿಧಾನವಾಗಿ ಆಡ್ತಿದ್ದದ್ದು ಹೆಚ್ಚು ಯೋಚನೆ ಮಾಡ್ತಿದ್ದೆ ಅಂತಲ್ಲ. ಮಾಡಬೇಕಾದಾಗ ಮಾಡದೇ, ಮಾಡಬಾರದಾಗ ಮಾಡ್ತಿದ್ದೆ ಅಂತ!

ಇದಕ್ಕೆ ಕಾರಣ ನಮ್ಮ ಕೇರಂ ಅನ್ನೋದು ನನ್ನ ವಾದ. ನಗಬೇಡಿ, ಪೂರ್ತಿ ಕೇಳಿ :-)

ನಮ್ಮಲ್ಲಿ ಬಹಳಷ್ಟು ಜನ ಬೇಸಿಗೆ ರಜೆಯಲ್ಲಿ ಕೇರಂ ಆಡಿ ಬೆಳೆದವರು. ಬೋರಿಕ್ ಪೌಡರ್ ಹಾಕಿ, ಅಜ್ಜಿ ಬೈದ್ರೂ ಕೇಳದೆ, ಊಟದ ಹೊತ್ತಿನ ತನಕ ಕುಟ್ಟಿದವರು. ಕೇರಂನಲ್ಲಿ ಒಂದು ಪಾನ್ ಬಿತ್ತು ಅಂದ್ರೆ ಸ್ಟ್ರೈಕರ್ ಮತ್ತೆ ನಿಮ್ಮ ಕೈಗೆ ಬರುತ್ತೆ. ನಿಮ್ಮ ಗೆರೆಯ ಮೇಲೆ ಬೇಕಾದಲ್ಲಿ ಇಟ್ಕೋಬಹುದು. ಅಂದ್ರೆ ಪ್ರತಿ ಹೊಡೆತವೂ ಹೊಸ ಲೆಕ್ಕ. ಪೂಲ್‌ನಲ್ಲಿ ಹಾಗಲ್ಲ. ಬಿಳಿ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ಎದುರಾಳಿ ಫೌಲ್ ಮಾಡಿದಾಗ ಮಾತ್ರ ಅದನ್ನು ಕೈಗೆ ತಗೊಂಡು ಇಷ್ಟ ಬಂದಲ್ಲಿ ಇಡೋ ಭಾಗ್ಯ. ಹಾಗಾಗಿ ಪೂಲ್‌ನಲ್ಲಿ 'ಈ ಚೆಂಡು ಬೀಳುತ್ತಾ?' ಅನ್ನೋದು ಅರ್ಧ ಪ್ರಶ್ನೆ ಮಾತ್ರ. ಇನ್ನರ್ಧ 'ಬಿದ್ದ ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತೆ?'

ನಾನು ಕೇರಂ ಬುದ್ಧಿಯಲ್ಲಿ ಒಂದು ಚೆಂಡು ಹಾಕ್ತಿದ್ದೆ. ಬಿಳಿ ಚೆಂಡು ಎಲ್ಲೋ ಹೋಗಿ ಕುಶನ್ನಿಗೆ ಅಂಟಿ ನಿಲ್ತಿತ್ತು. ಆಗ ಶುರು ನನ್ನ ಪ್ರದಕ್ಷಿಣೆ! ಟೇಬಲ್ ಸುತ್ತ ಎರಡು ಸುತ್ತು, ಬಗ್ಗಿ ನೋಡೋದು, ಎದ್ದು ಚಾಕ್ ಹಚ್ಚೋದು, ಮತ್ತೆ ಬಗ್ಗೋದು. ಪಾಪ ಅವನು ಕ್ಯೂ ಹಿಡ್ಕೊಂಡು ಕಾವಲುಗಾರನ ತರ ನಿಂತಿರ್ತಿದ್ದ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡೋದು ಇಬ್ಬರೂ, ಟೇಬಲ್ ಬಳಸೋದು ನಾನೊಬ್ಬನೇ.

ಕೋಡ್ ಬರೆಯೋರಿಗೆ ಇದು ಗೊತ್ತಿರೋ ಕಥೆಯೇ. ಡಿಸೈನ್ ಮಾಡೋಕೆ ಒಂದು ದಿನ ಕೊಡದೆ ಕೋಡ್ ಶುರು ಮಾಡಿದ್ರೆ, ಆಮೇಲೆ ಡೀಬಗ್ ಮಾಡೋಕೆ ಒಂದು ವಾರ. ಹಗಲಿಡೀ ಆಫೀಸಿನಲ್ಲಿ ಇದನ್ನೇ ಜೂನಿಯರ್‌ಗಳಿಗೆ ಉಪದೇಶ ಮಾಡೋ ನಾನು ಸಂಜೆ ಟೇಬಲ್ ಹತ್ರ ಮರೀತಿದ್ದೆ.

ಹಾಗಾದ್ರೆ ಯೋಚನೆ ಯಾವಾಗ? ಬ್ರೇಕ್ ಆದ ಮೇಲೆ, ಮೊದಲ ಹೊಡೆತಕ್ಕಿಂತ ಮುಂಚೆ. ಆಗ ಒಂದು ನಿಮಿಷ ತಗೊಳ್ಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಎಂಟರ ಆಟದಲ್ಲಿ ಒಬ್ಬರಿಗೆ 1ರಿಂದ 7ರವರೆಗಿನ ತುಂಬು ಬಣ್ಣದ ಚೆಂಡುಗಳು, ಇನ್ನೊಬ್ಬರಿಗೆ 9ರಿಂದ 15ರವರೆಗಿನ ಪಟ್ಟೆ ಚೆಂಡುಗಳು, ಕೊನೆಗೆ ಕಪ್ಪು 8. ಗುಂಪು ಆರಿಸೋ ಅವಕಾಶ ಸಿಕ್ಕಾಗ ನಾವೆಲ್ಲಾ ಮಾಡೋ ತಪ್ಪು, ಪಾಕೆಟ್ ಬಾಯಲ್ಲಿ ಯಾವ ಗುಂಪಿನ ಚೆಂಡು ಜಾಸ್ತಿ ಇದೆ ಅಂತ ಮಾತ್ರ ನೋಡೋದು. ನೋಡಬೇಕಾದ್ದು ಯಾವ ಗುಂಪಿನಲ್ಲಿ ತೊಂದರೆ ಕಮ್ಮಿ ಅಂತ. ಐದು ಸುಲಭದ ಚೆಂಡಿದ್ದು ಎರಡು ಒಂದಕ್ಕೊಂದು ಅಂಟಿಕೊಂಡಿದ್ರೆ, ಆ ಎರಡೇ ನಿಮ್ಮನ್ನು ಸೋಲಿಸೋದು. ಅವನ್ನು ಬಿಡಿಸೋ ಕೆಲಸ ಬೇಗ ಮುಗಿಸಬೇಕು, ಕೈಯಲ್ಲಿ ಬೇರೆ ಸುಲಭದ ಚೆಂಡು ಇರುವಾಗಲೇ. ಕೊನೆಗೆ ಬಿಟ್ಟರೆ ಕೆಟ್ಟಿರಿ.

ಎರಡನೆಯದು, ಲೆಕ್ಕವನ್ನು ಹಿಂದಿನಿಂದ ಹಾಕೋದು. 8 ಯಾವ ಪಾಕೆಟ್ಟಿಗೆ? ಅದಕ್ಕೆ ಬಿಳಿ ಚೆಂಡು ಎಲ್ಲಿರಬೇಕು? ಅಲ್ಲಿಗೆ ತಂದು ನಿಲ್ಲಿಸೋಕೆ ನನ್ನ ಯಾವ ಚೆಂಡು ಅನುಕೂಲ? ಆ ಚೆಂಡನ್ನು ಎಷ್ಟೇ ಆಸೆಯಾದ್ರೂ ಮೊದಲೇ ಹಾಕಬಾರದು, ಕೊನೆಗೆ ಉಳಿಸ್ಕೋಬೇಕು. ಮೂರನೆಯದು, ಮೊದಲ ಮೂರು ಚೆಂಡುಗಳ ಸಾಲು. ಆದಷ್ಟೂ ಬಿಳಿ ಚೆಂಡು ಕಮ್ಮಿ ಓಡಾಡೋ ಹಾಗೆ. ನೇರ ಹೊಡೆತದಲ್ಲಿ ಮಧ್ಯಕ್ಕಿಂತ ತುಸು ಕೆಳಗೆ ಹೊಡೆದು, ಬಿಳಿ ಚೆಂಡು ತಾಗಿದ ಜಾಗದಲ್ಲೇ ಗಪ್ ಅಂತ ನಿಲ್ಲೋ 'ಸ್ಟಾಪ್ ಶಾಟ್' ಒಂದು ಸರಿಯಾಗಿ ಕಲಿತರೂ ಅರ್ಧ ಆಟ ಬಂದ ಹಾಗೆ. ಓಡಿಸಲೇಬೇಕಾದ್ರೆ ಮುಂದಿನ ಹೊಡೆತದ ಗೆರೆಯ ಉದ್ದಕ್ಕೇ ಬರೋ ಹಾಗೆ ಓಡಿಸಿ. ಆಗ ವೇಗ ಒಂಚೂರು ಹೆಚ್ಚು ಕಮ್ಮಿ ಆದ್ರೂ ನಡೆಯುತ್ತೆ. ಗೆರೆಯನ್ನು ಅಡ್ಡ ದಾಟೋ ಹಾಗೆ ಬಂದರೆ ಅದು ಸರಿಯಾಗಿ ಒಂದೇ ಜಾಗದಲ್ಲಿ ನಿಲ್ಲಬೇಕು, ನಿಲ್ಲಲ್ಲ :(

ಇಷ್ಟು ಆದ ಮೇಲೆ ಪ್ರತಿ ಹೊಡೆತಕ್ಕೆ ಹತ್ತು ಹದಿನೈದು ಸೆಕೆಂಡು ಧಾರಾಳ. 1954ರಲ್ಲಿ ಅಮೆರಿಕದ ವಿಲ್ಲಿ ಮೊಸ್ಕೋನಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಟ್ರೈಟ್ ಪೂಲ್ ಆಡ್ತಾ ಒಂದೂ ತಪ್ಪದೆ 526 ಚೆಂಡು ಹಾಕಿದ. ಹಿಡಿದದ್ದು ಎರಡು ಗಂಟೆ ಚಿಲ್ಲರೆ. ಲೆಕ್ಕ ಹಾಕಿ, ಚೆಂಡಿಗೆ ಹೆಚ್ಚು ಕಮ್ಮಿ ಹದಿನೈದೇ ಸೆಕೆಂಡು! ದಾರಿ ಮೊದಲೇ ಕಂಡವನಿಗೆ ಗಡಿಬಿಡಿಯೂ ಇಲ್ಲ, ತಡವೂ ಇಲ್ಲ. ಯುರೋಪ್ ಮತ್ತು ಅಮೆರಿಕದ ತಂಡಗಳು ಅವನ ಹೆಸರಿನ ಮೊಸ್ಕೋನಿ ಕಪ್‌ಗಾಗಿ ಆಡುವಾಗ ಹೊಡೆತಕ್ಕೆ 30 ಸೆಕೆಂಡಿನ ಗಡಿಯಾರ ಇಡ್ತಾರೆ.

ಇಲ್ಲಿ ನಿಮ್ಮಲ್ಲಿ ಯಾರಾದ್ರೂ ಪೀಟರ್ ಎಬ್ಡನ್ ಹೆಸರು ಎತ್ತಬಹುದು. ನ್ಯಾಯವಾದ ಪ್ರಶ್ನೆಯೇ. 2005ರ ವಿಶ್ವ ಸ್ನೂಕರ್ ಕ್ವಾರ್ಟರ್ ಫೈನಲ್‌ನಲ್ಲಿ ಎಬ್ಡನ್ ಒಮ್ಮೆ ಬರೀ 12 ಅಂಕ ಮಾಡೋಕೆ ಐದು ನಿಮಿಷಕ್ಕಿಂತ ಹೆಚ್ಚು ತಗೊಂಡ. ಎದುರಿಗಿದ್ದ ರಾನಿ ಓ'ಸುಲಿವನ್ 1997ರಲ್ಲಿ ಹೆಚ್ಚು ಕಮ್ಮಿ ಅಷ್ಟೇ ಹೊತ್ತಿನಲ್ಲಿ 147 ಹೊಡೆದಿದ್ದ! ಆದ್ರೂ 8-2ರಿಂದ ಹಿಂದಿದ್ದ ಎಬ್ಡನ್ ಕೊನೆಗೆ 13-11ರಿಂದ ಗೆದ್ದ. ಅಂದ್ರೆ ನಿಧಾನ ಗೆಲ್ಲಿಸುತ್ತೆ, ಕೆಲವು ಸಲ. ಎದುರಾಳಿಯ ಲಯ ಕೆಡುತ್ತೆ, ಕೂತು ಕೂತು ಅವನ ಕೈ ತಣ್ಣಗಾಗುತ್ತೆ. ಎಬ್ಡನ್‌ಗೆ ಅದು ಹೊಟ್ಟೆಪಾಡು, ನಾನು ತಪ್ಪು ಅನ್ನಲ್ಲ. ಆದ್ರೆ ಶನಿವಾರ ಸಂಜೆ ಗೆಳೆಯನ ಕೈ ತಣ್ಣಗೆ ಮಾಡಿ ಗೆದ್ದು ನಾನು ಏನು ಗಳಿಸಿದೆ? ಮೂರು ಶನಿವಾರ ಒಬ್ಬನೇ ಕೂತು ಫೋನ್ ನೋಡಿದ್ದಷ್ಟೇ.

ಈಗ ನನಗೆ ನಾನೇ ಹಾಕ್ಕೊಂಡ ನಿಯಮ ಇಷ್ಟು. ಯೋಚನೆಯೆಲ್ಲಾ ನಿಂತಾಗ, ಬಗ್ಗಿದ ಮೇಲೆ ಹೊಡೆತ ಮಾತ್ರ. ಬಗ್ಗಿದ ಮೇಲೆ ಅನುಮಾನ ಬಂದ್ರೆ ಎದ್ದು ಬಿಡೋದು, ಒಂದೇ ಸಲ. ಅವನು ಆಡುವಾಗ ನನ್ನ ಚೆಂಡುಗಳ ಲೆಕ್ಕ ಹಾಕೋದು, ಅವು ಬಹುತೇಕ ಇದ್ದಲ್ಲೇ ಇರ್ತವೆ. ದಾರಿಯೇ ಇಲ್ಲ ಅಂದ್ರೆ ದಿಟ್ಟಿಸಿ ನಿಲ್ಲೋ ಬದಲು ಬಿಳಿ ಚೆಂಡನ್ನು ಎಲ್ಲಾದ್ರೂ ಮರೆಯಲ್ಲಿಟ್ಟು ಸರದಿ ಬಿಟ್ಟುಕೊಡೋದು. ಲೆಕ್ಕ ತಪ್ಪಿದ್ರೆ ತಪ್ಪಿತು, ಅದು ಮುಂದಿನ ಆಟಕ್ಕೆ ಪಾಠ.

ಎರಡು ವಾರ ಆಫೀಸಿನ ಟೇಬಲ್ಲಿನಲ್ಲಿ ಊಟದ ಬಿಡುವಿನಲ್ಲಿ ಒಬ್ಬನೇ ಹೀಗೆ ಆಡಿ ನೋಡಿದೆ. ಮೊದಮೊದಲು ಹೆಚ್ಚೇ ತಪ್ಪಿತು. ಈಗ ಪರವಾಗಿಲ್ಲ. ನಾನೇನೂ ಪಂಕಜ್ ಅಡ್ವಾಣಿ ಆಗಿಲ್ಲ, ಆದ್ರೆ ಸರದಿಗೆ ಕಾದು ನಿಂತವರು ಗೊಣಗೋದು ನಿಂತಿದೆ.

ನಿನ್ನೆ ರಾತ್ರಿ ಅವನಿಗೆ ಹೇಳಿದೆ, "ಲೋ, ಈ ಶನಿವಾರ ಬಾರೋ, ಬೇಗ ಆಡ್ತೀನಿ." ಒಂದು ಕ್ಷಣ ಮುಖ ನೋಡಿದ. "ಬರ್ತೀನಿ. ಮೊಬೈಲ್‌ನಲ್ಲಿ ಟೈಮರ್ ಹಾಕ್ತೀನಿ, ಮೂವತ್ತು ಸೆಕೆಂಡು. ಆಯ್ತಾ?" ಅಂದ.

ಆಯ್ತು ಅಂದೆ. ನಿಮ್ಮಲ್ಲಿ ಯಾರಾದ್ರೂ ನನ್ನಂಥ ಆಮೆಗಳಿದ್ದೀರಾ? ಅಥವಾ ಆಮೆ ಜೊತೆ ಆಡಿ ಸುಸ್ತಾದವರು? ಏನಂತೀರಿ, ಹೇಳಿ.