ಗಟಾರದ ಹೂಳಿಗೂ ಒಂದು ಲೆಕ್ಕವುಂಟು

ರೋಹಿಣಿ ಮಳೆಯ ಹೊತ್ತಿಗೆ ನಮ್ಮ ಕಡೆಯ ಊರುಗಳಲ್ಲಿ ಗಟಾರದ ಹೂಳೆತ್ತುವ ಕಾರ್ಯವು ಆರಂಭವಾಗುತ್ತದೆ. ಪೌರಕಾರ್ಮಿಕರು ಸಲಿಕೆ ಬುಟ್ಟಿಗಳೊಡನೆ ಬಂದು, ತಳದಲ್ಲಿ ಕುಳಿತ ಕಪ್ಪು ಕೆಸರನ್ನು ಮೇಲೆತ್ತಿ ಅಂಚಿನಲ್ಲಿಯೇ ಗುಡ್ಡೆ ಹಾಕುತ್ತಾರೆ. ಅದು ಒಣಗಿದ ಮೇಲೆ ಸಾಗಿಸಲು ಟ್ರ್ಯಾಕ್ಟರು ಬರಬೇಕು. ಆದರೆ ಟ್ರ್ಯಾಕ್ಟರಿಗಿಂತ ಮೊದಲು ಮೃಗಶಿರಾ ಮಳೆಯೇ ಬಂದು, ಗುಡ್ಡೆಯ ಬಹುಭಾಗವನ್ನು ಮರಳಿ ಗಟಾರಕ್ಕೆ ಇಳಿಸುವುದುಂಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು—ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕು ಕೇಂದ್ರಗಳಲ್ಲೊಂದರಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಾವು ಈ ದೃಶ್ಯವನ್ನು ಕಾಲೇಜಿನ ಹಾದಿಯಲ್ಲಿ ಪ್ರತಿವರ್ಷವೂ ನೋಡುತ್ತ ಬಂದಿದ್ದೇವೆ.

ಇದೆಲ್ಲವೂ ಆಡಳಿತದ ಆಲಸ್ಯದ ಫಲವೆಂಬುದು ಊರಿನ ದೂರು. ದೂರಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ದೋಷದ ದೊಡ್ಡ ಪಾಲು ಗಟಾರದ ಆಕಾರದಲ್ಲಿಯೇ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ. ಗಟಾರವನ್ನು ಕಟ್ಟುವವರು ಮಳೆಯ ನೀರಿನ ಲೆಕ್ಕವನ್ನು ಹಾಕುತ್ತಾರೆ. ಹೂಳಿನ ಲೆಕ್ಕವನ್ನು ಹಾಕುವುದಿಲ್ಲ.

ಹರಿಯುವ ನೀರು ಮಣ್ಣನ್ನು ಹೇಗೆ ಒಯ್ಯುತ್ತದೆ? ಹತ್ತೊಂಬತ್ತನೆಯ ಶತಮಾನದಲ್ಲಿ ಕೇಂಬ್ರಿಜಿನ ವಿಲಿಯಂ ಹಾಪ್ಕಿನ್ಸ್ ಎಂಬ ಗಣಿತಜ್ಞನು ತೋರಿಸಿದ ನಿಯಮವೊಂದುಂಟು: ನೀರಿನ ವೇಗವು ಇಮ್ಮಡಿಯಾದರೆ, ಅದು ಉರುಳಿಸಬಲ್ಲ ಕಲ್ಲಿನ ತೂಕವು ಅರವತ್ತನಾಲ್ಕು ಪಟ್ಟಾಗುವುದು. 1936ರಲ್ಲಿ ಬರ್ಲಿನ್ನಿನಲ್ಲಿ ಆಲ್ಬರ್ಟ್ ಶೀಲ್ಡ್ಸ್ ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದನು. ನೀರು ತಳವನ್ನು ಉಜ್ಜಿ ಎಳೆಯುವ ಬಲವು ಒಂದು ಮಿತಿಯನ್ನು ಮೀರುವವರೆಗೆ ಕಣವು ಅಲುಗುವುದಿಲ್ಲ, ಮೀರಿದೊಡನೆ ಹೊರಟುಬಿಡುತ್ತದೆ. ಈ ಎಳೆತವು ಎರಡನ್ನು ಅವಲಂಬಿಸಿದೆ—ಒಂದು ಇಳಿಜಾರು, ಇನ್ನೊಂದು ನೀರಿನ ಆಳ. ಬಯಲಿನ ಊರಿನಲ್ಲಿ ಇಳಿಜಾರನ್ನು ಮನಬಂದಂತೆ ಹೆಚ್ಚಿಸಲಾಗದು. ಆಳವನ್ನು ಹೆಚ್ಚಿಸಬಹುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಳವು ಚಪ್ಪಟೆಯಾಗಿ 60 ಸೆಂಟಿಮೀಟರು ಅಗಲವಿರುವ ಕಾಂಕ್ರೀಟು ಗಟಾರ. 500 ಮೀಟರಿಗೆ ಒಂದು ಮೀಟರು ಇಳಿಜಾರು. ಮಳೆಯಿಲ್ಲದ ದಿನಗಳಲ್ಲಿ ಇದರಲ್ಲಿ ಹರಿಯುವುದು ಮನೆಗಳ ಬಚ್ಚಲ ನೀರು, ಅಡಿಗೆಮನೆಯ ನೀರು. ಸೆಕೆಂಡಿಗೆ ಎರಡೂವರೆ ಲೀಟರು ಎನ್ನೋಣ. ಅಷ್ಟು ನೀರು ಆ ಅಗಲದಲ್ಲಿ ಹರಡಿದಾಗ ಅದರ ಆಳವು ಎರಡೇ ಸೆಂಟಿಮೀಟರು! ಇಂಜಿನಿಯರರು ಬಳಸುವ ಮ್ಯಾನಿಂಗ್ ಸೂತ್ರದಂತೆ ವೇಗವು ಸೆಕೆಂಡಿಗೆ ಸುಮಾರು 21 ಸೆಂಟಿಮೀಟರು. ಈಗ ಅದೇ ಗಟಾರದ ತಳದ ನಡುವೆ 15 ಸೆಂಟಿಮೀಟರು ಅಗಲದ ಅರ್ಧವೃತ್ತಾಕಾರದ ಕಿರುಗಾಲುವೆಯೊಂದನ್ನು ತೋಡೋಣ. ಅದೇ ನೀರು ಅದರೊಳಗೆ ಕೂಡಿ ಸುಮಾರು ಏಳು ಸೆಂಟಿಮೀಟರು ಆಳವಾಗಿ, ಸೆಕೆಂಡಿಗೆ 32 ಸೆಂಟಿಮೀಟರು ವೇಗದಿಂದ ಹರಿಯುವುದು. ತಳದ ಎಳೆತವು ಹೆಚ್ಚುಕಡಿಮೆ ಇಮ್ಮಡಿಯಾಗುವುದು. ಹಾಪ್ಕಿನ್ಸನ ನಿಯಮವನ್ನು ಹಚ್ಚಿ ನೋಡಿದರೆ, ಉರುಳಿಸಬಲ್ಲ ಕಣದ ತೂಕವು ಹತ್ತು ಪಟ್ಟಿಗೂ ಮಿಕ್ಕುವುದು. ನೀರು ಅದೇ, ಇಳಿಜಾರು ಅದೇ. ಬದಲಾದದ್ದು ಆಕಾರ ಮಾತ್ರ.

ಇದೇನೂ ಹೊಸ ವಿದ್ಯೆಯಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಲಂಡನ್ನಿನವರು, ಕಿರಿದಾದ ತುದಿ ಕೆಳಗಾಗಿ ನಿಲ್ಲಿಸಿದ ಮೊಟ್ಟೆಯ ಆಕಾರದ ಒಳಚರಂಡಿಗಳನ್ನು ಕಟ್ಟಿದ್ದರು. ಆದರೂ ನಾವು ಅತಿಶಯೋಕ್ತಿಯನ್ನು ಮಾಡಬಾರದು. ಒಳಚರಂಡಿಯು ತನ್ನನ್ನು ತಾನೇ ತೊಳೆದುಕೊಳ್ಳಲು ಸೆಕೆಂಡಿಗೆ 60 ಸೆಂಟಿಮೀಟರಾದರೂ ವೇಗ ಬೇಕೆಂದು ನಮ್ಮ ಕೇಂದ್ರ ಸರಕಾರದ ಕೈಪಿಡಿಯು ಹೇಳುತ್ತದೆ. ಮೇಲಿನ ಕಿರುಗಾಲುವೆಯೂ ಆ ಗುರಿಯ ಅರ್ಧದಾರಿಗೆ ಮಾತ್ರ ಬಂದಿದೆ. ಹೂಳು ಕಡಿಮೆಯಾಗುವುದೇ ಹೊರತು ಇಲ್ಲವಾಗದು.

ಇನ್ನು ಹೂಳಿನ ಸ್ವಭಾವವನ್ನು ನೋಡೋಣ. ಕಳೆದ ವರ್ಷ ನಮ್ಮ ವಿದ್ಯಾರ್ಥಿಗಳು ಹಿಡಿಯಷ್ಟು ಗಟಾರದ ಕೆಸರನ್ನು ತಂದು, ಗಾಜಿನ ಉದ್ದನೆಯ ಜಾಡಿಯಲ್ಲಿ ನೀರಿನೊಡನೆ ಕಲಕಿ ಇಟ್ಟರು. ಉಸುಕು ಕಣ್ಣೆದುರಿಗೇ ತಳಕ್ಕಿಳಿಯಿತು. ಸಂಜೆ ಪ್ರಯೋಗಶಾಲೆಗೆ ಬೀಗ ಹಾಕುವಾಗಲೂ ಮೇಲಿನ ನೀರು ಬಗ್ಗಡವಾಗಿಯೇ ಇತ್ತು. ಸ್ಟೋಕ್ಸನು 1851ರಲ್ಲಿ ಪ್ರಕಟಿಸಿದ ನಿಯಮವು ಇದನ್ನು ವಿವರಿಸುತ್ತದೆ. ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪದ ಕಣವು ಹತ್ತು ಸೆಂಟಿಮೀಟರು ಇಳಿಯಲು ಹತ್ತು-ಹದಿನೈದು ಸೆಕೆಂಡು ಸಾಕು. ಐನೂರರಲ್ಲೊಂದು ಪಾಲಿನಷ್ಟಿರುವ ಜೇಡಿಯ ಕಣಕ್ಕೆ ಸುಮಾರು ಎಂಟು ಗಂಟೆ ಬೇಕು. ಹೊಲದ ಎರೆಮಣ್ಣನ್ನು ಟ್ರ್ಯಾಕ್ಟರಿನ ಗಾಲಿಗಳು ಬೀದಿಗೆ ತರುತ್ತವೆ. ಮನೆ ಕಟ್ಟುವವರ ಉಸುಕಿನ ರಾಶಿ ರಸ್ತೆಯ ಬದಿಯಲ್ಲಿ ಬಿದ್ದಿರುತ್ತದೆ. ಎರಡೂ ಸೇರುವುದು ಗಟಾರಕ್ಕೇ. ಅಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ, ಎಣ್ಣೆ ಜಿಡ್ಡುಗಳೊಡನೆ ಕೂಡಿ ಉಸುಕನ್ನು ಬಿಗಿಯುತ್ತವೆ. ಹೀಗೆ ಬಿಗಿದ ಹೂಳನ್ನು ಮತ್ತೆ ಎಬ್ಬಿಸಬೇಕಾದರೆ ಮೊದಲಿಗಿಂತ ಹೆಚ್ಚಿನ ಎಳೆತ ಬೇಕು. ಹೂಳು ಕುಳಿತಷ್ಟೂ ಹಟಮಾರಿಯಾಗುತ್ತದೆ!

ಸ್ಕಾಟ್ಲೆಂಡಿನ ಡಂಡೀ ನಗರದ ಒಳಚರಂಡಿಗಳಲ್ಲಿ ರಿಚರ್ಡ್ ಆಶ್ಲಿ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕರೂ ಅವರ ಸಂಗಡಿಗರೂ ದೀರ್ಘಕಾಲ ಇದನ್ನೇ ಅಭ್ಯಸಿಸಿದರು. ತಳಕ್ಕೆ ಹತ್ತಿಕೊಂಡಂತೆ, ಗಟ್ಟಿ ಹೂಳಿನ ಮೇಲೆ, ಕೊಳೆಯಿಂದ ತುಂಬಿದ ಹಗುರವಾದ ಪದರವೊಂದು ತೆವಳುತ್ತಿರುವುದನ್ನು ಅವರು ಕಂಡರು. ಪ್ಯಾರಿಸಿನ ಲೆ ಮರೆ ಬಡಾವಣೆಯಲ್ಲಿ ಗಸ್ಸಾನ್ ಶೆಬ್ಬೊ ಮೊದಲಾದವರು ನಡೆಸಿದ ಅಳತೆಗಳಿಂದ, ಮಳೆ ಬಂದಾಗ ಚರಂಡಿಯಿಂದ ಹೊರಬೀಳುವ ಮಲಿನದ ದೊಡ್ಡ ಪಾಲು ಇಂಥ ಪದರವು ಕೊಚ್ಚಿಹೋಗುವುದರಿಂದಲೇ ಬರುತ್ತದೆಂದು ತಿಳಿದುಬಂದಿತು. ಹಾಗಾದರೆ ಮೊದಲ ಮಳೆಯು ಊರನ್ನು ತೊಳೆಯಿತೆಂದು ನಾವು ಹಿಗ್ಗುವಾಗ, ತಿಂಗಳುಗಟ್ಟಲೆ ಕೂಡಿದ ಕೊಳೆ ಒಮ್ಮೆಲೇ ತಗ್ಗಿನ ಕಡೆಗೆ ಹೊರಟಿರುತ್ತದೆ. ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿದ್ದು ತಗ್ಗಿನಲ್ಲಿಯೇ ಅಲ್ಲವೆ? ಹಾನಗಲ್ಲಿಗೆ ಆನೆಕೆರೆಯುಂಟು, ಸವಣೂರಿಗೆ ಮೋತಿ ತಲಾಬವುಂಟು. ಹಿರೇಕೆರೂರಿನ ಹೆಸರಿನೊಳಗೇ ಕೆರೆಯಿದೆ. ಅವುಗಳಿಂದಾಚೆ ವರದೆ, ಕುಮುದ್ವತಿ, ಕೊನೆಗೆ ತುಂಗಭದ್ರೆ.

ಡಂಡೀ, ಪ್ಯಾರಿಸುಗಳ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಎತ್ತಿತರುವುದು ಸಲ್ಲದು. ಅವು ಮುಚ್ಚಿದ ಚರಂಡಿಗಳು, ನಮ್ಮವು ಬಹುಮಟ್ಟಿಗೆ ತೆರೆದವು. ಹಾನಗಲ್ಲಿನಲ್ಲಿ ಮಲೆನಾಡಿನ ಸೆರಗಿನ ಮಳೆ, ಸವಣೂರಿನ ಕಡೆ ಎರೆನೆಲ. ಈ ನಾಲ್ಕು ಊರುಗಳಲ್ಲಿಯೇ ಹೂಳು ಒಂದೇ ಬಗೆಯದಾಗಿರಲಾರದು.

ಕಿರುಗಾಲುವೆಯ ಮಾತನ್ನು ನಾವು ಇಂಜಿನಿಯರ್ ಮಿತ್ರರೊಬ್ಬರ ಮುಂದೆ ಎತ್ತಿದಾಗ ಅವರು ನಕ್ಕರು. “ನಿಮ್ಮ ಸೂತ್ರದಲ್ಲಿ ಪ್ಲಾಸ್ಟಿಕ್ ಚೀಲ ಎಲ್ಲಿದೆ ಸರ್?” ಎಂದರು. ಆಕ್ಷೇಪವು ನ್ಯಾಯವಾದುದೇ. ಆದರೆ ಚೀಲವು ಚಪ್ಪಟೆ ಗಟಾರದಲ್ಲಿಯೂ ಸಿಕ್ಕಿಕೊಳ್ಳುತ್ತದೆ. ಜಾಲರಿಯಿಂದ ಅದನ್ನು ತಡೆಯಬಹುದು. ಉಸುಕನ್ನು ಜಾಲರಿಯಿಂದ ತಡೆಯುವಂತಿಲ್ಲ. ಅದು ಎಲ್ಲಿಯೋ ಒಂದು ಕಡೆ ಕುಳಿತೇ ತೀರುತ್ತದೆ. ಎಲ್ಲಿ ಕೂರಬೇಕೆಂಬುದನ್ನು ಮೊದಲೇ ಗೊತ್ತುಮಾಡುವುದು ನಮ್ಮ ಕೈಯಲ್ಲಿದೆ. ಬೀದಿಯುದ್ದಕ್ಕೂ ಕಿರುಗಾಲುವೆಯಿಂದ ನೀರನ್ನು ಓಡಿಸಿ, ಬೀದಿಯ ಕೊನೆಯಲ್ಲಿ ಅಗಲವಾದ ಆಳವಾದ ಗುಂಡಿಯೊಂದನ್ನು ಕಟ್ಟಿದರೆ, ಅಲ್ಲಿ ವೇಗ ತಗ್ಗಿ ಉಸುಕು ಕೂರುವುದು. ಪೌರಕಾರ್ಮಿಕನು ಇಡೀ ಬೀದಿಯ ಕೆಸರಿಗೆ ಬಾಗುವ ಬದಲು ಒಂದು ಗುಂಡಿಯನ್ನು, ಅದನ್ನೂ ಯಂತ್ರದಿಂದ, ಬರಿದುಮಾಡಬಹುದು. ಎತ್ತಿದ್ದನ್ನು ಅಂದೇ ಸಾಗಿಸುವ ಕರಾರನ್ನೂ ಗುತ್ತಿಗೆಯಲ್ಲಿ ಬರೆಯಬೇಕು.

ಯಾವ ಗುಂಡಿ ಎಷ್ಟು ದೊಡ್ಡದಿರಬೇಕು, ಎಷ್ಟು ದಿನಕ್ಕೆ ತುಂಬೀತು? ಇದಕ್ಕೆ ನಮ್ಮ ಊರಿನ ಅಳತೆಗಳೇ ಬೇಕು. ಅಂಥ ಅಳತೆಗೆ ಸೆಂಟಿಮೀಟರಿನ ಗುರುತುಳ್ಳ ಒಂದು ಕೋಲು, ತೇಲಿಬಿಡಲು ಒಂದು ಬೆಂಡು, ಗಡಿಯಾರ, ನಾಲ್ಕಾರು ಜರಡಿಗಳು ಸಾಕು. ಯಾವ ಕಾಲೇಜಿನಲ್ಲಿಯೂ ಇವಕ್ಕೆ ಬಡತನವಿಲ್ಲ. ನಮ್ಮ ಹುಡುಗರು ಈಗಾಗಲೇ ಗಟಾರದ ಗೋಡೆಯ ಮೇಲೆ ಮೂರು ಕಡೆ ಕೆಂಪು ಬಣ್ಣದ ಗೆರೆಗಳನ್ನು ಎಳೆದಿದ್ದಾರೆ. ತಿಂಗಳಿಗೊಮ್ಮೆ ಹೂಳಿನ ಮಟ್ಟವನ್ನು ಬರೆದುಕೊಳ್ಳಬೇಕೆಂಬುದು ಯೋಜನೆ. ಗೆರೆಯನ್ನು ಕಂಡ ಚಹದಂಗಡಿಯವರು ಮಾತ್ರ ರಸ್ತೆ ಅಗಲ ಮಾಡಲು ಗುರುತು ಹಾಕಿದ್ದಾರೆಂದು ತಿಳಿದು, ಮರುದಿನವೇ ತಮ್ಮ ಬೆಂಚನ್ನು ಎರಡು ಅಡಿ ಹಿಂದಕ್ಕೆ ಸರಿಸಿಕೊಂಡರು.