ರೀಚಾರ್ಜಿನಲ್ಲಿ ಕೊಟ್ಟ ತೆರಿಗೆ, ಯಾರೂ ಕೇಳದ ಲೆಕ್ಕ

ಅರಕೇರಾದ ಅಂಗಡಿಯೊಂದರಲ್ಲಿ ಹತ್ತಿ ಬಿಡಿಸುವ ಕೂಲಿಯ ಹೆಣ್ಣುಮಗಳೊಬ್ಬಳು 300 ರೂಪಾಯಿಯ ಮೊಬೈಲ್ ರೀಚಾರ್ಜ್ ಮಾಡಿಸಿದರೆ, ಅದರಲ್ಲಿ ಸುಮಾರು 45 ರೂಪಾಯಿ ಶೇ. 18ರ ಜಿಎಸ್‌ಟಿಯಾಗಿ ಸರಕಾರದ ಬೊಕ್ಕಸಕ್ಕೆ ಸೇರುತ್ತದೆ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್ ಅದೇ ರೀಚಾರ್ಜಿಗೆ ಕೊಡುವುದೂ ಅಷ್ಟೇ. ಒಬ್ಬರಿಗೆ ಅದು ಲೆಕ್ಕಕ್ಕೇ ಬಾರದ ಚಿಲ್ಲರೆ, ಇನ್ನೊಬ್ಬರಿಗೆ ಒಂದು ಹೊತ್ತಿನ ಸಂತೆ. ಆದರೆ ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಯ ಖಾತೆಗೆ ಬಂದಾಗ, ‘ತೆರಿಗೆದಾರರ ಹಣ ಬಿಟ್ಟಿ ಭಾಗ್ಯಗಳಿಗೆ ಪೋಲಾಗುತ್ತಿದೆ’ ಎಂಬ ಕೂಗೇಳುತ್ತದೆ. ಆಕೆಯೂ ತೆರಿಗೆದಾರಳೇ ಎಂಬ ಸತ್ಯ ಕೂಗುವವರಿಗೆ ತಿಳಿಯದಿರಬಹುದು. ವಿಪರ್ಯಾಸವೆಂದರೆ, ಅದು ಆಕೆಗೂ ತಿಳಿದಿಲ್ಲ.

ತೆರಿಗೆ ಕಣ್ಣಿಗೆ ಕಾಣುತ್ತಿದ್ದ ಕಾಲವೊಂದಿತ್ತು. ಊರ ಬಾಗಿಲಲ್ಲಿ ಆಕ್ಟ್ರಾಯ್ ನಾಕಾ ಇರುತ್ತಿತ್ತು. ಸರಕಿನ ಗಾಡಿ ಅಲ್ಲಿ ನಿಂತು ಸುಂಕ ಕಟ್ಟಿಯೇ ಊರೊಳಗೆ ಬರಬೇಕಿತ್ತು. ಕಿರುಕುಳ, ಲಂಚ ಎರಡೂ ಅಲ್ಲಿದ್ದವು, ನಿಜ. ಆದರೆ ಹಣ ಊರಿನ ಪುರಸಭೆಯದಾಗಿತ್ತು, ದೀಪ ಉರಿಯದಿದ್ದರೆ ಯಾರನ್ನು ಕೇಳಬೇಕೆಂಬುದು ವರ್ತಕನಿಗೆ ಗೊತ್ತಿತ್ತು. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ರದ್ದುಪಡಿಸಿ ಪ್ರವೇಶ ತೆರಿಗೆ ತಂದಿತು. 2005ರಲ್ಲಿ ವ್ಯಾಟ್, 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಈಗ ರಾಯಚೂರಿನ ಪಾಲಿಕೆಗಾಗಲಿ, ದೇವದುರ್ಗ ಮತ್ತು ಮಾನ್ವಿಯ ಪುರಸಭೆಗಳಿಗಾಗಲಿ ಮಾರಾಟದ ಮೇಲೆ ಒಂದು ಪೈಸೆ ತೆರಿಗೆ ಹಾಕುವ ಅಧಿಕಾರವಿಲ್ಲ. ಆಸ್ತಿ ತೆರಿಗೆ, ನೀರಿನ ಕರ, ಪರವಾನಗಿ ಶುಲ್ಕ ಇವಷ್ಟೇ ಅವುಗಳ ಸ್ವಂತ ಸಂಪಾದನೆ. ಉಳಿದದ್ದೆಲ್ಲ ದೆಹಲಿ, ಬೆಂಗಳೂರುಗಳಿಂದ ‘ಅನುದಾನ’ವೆಂಬ ಹೆಸರಿನಲ್ಲಿ ಹಿಂದಿರುಗುತ್ತದೆ. ನಮ್ಮ ಹಣವೇ ಅನುದಾನವೆಂಬ ಅಂಗಿ ತೊಟ್ಟು ಬಂದಾಗ ನಾವು ಅದನ್ನು ಶಾಸಕರ ಕೊಡುಗೆ ಎಂದು ಬಗೆದು ಫ್ಲೆಕ್ಸ್ ಕಟ್ಟುತ್ತೇವೆ. ಕೊಡುಗೆಯ ಲೆಕ್ಕವನ್ನು ಯಾರು ತಾನೇ ಕೇಳುತ್ತಾರೆ?

ಕೇಳದಿರುವುದರ ಬೆಲೆಯನ್ನು ರಾಯಚೂರು ನಗರ 2022ರಲ್ಲಿ ತೆತ್ತಿತು. ಆ ವರ್ಷದ ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ನಗರಸಭೆಯ ನಲ್ಲಿ ನೀರು ಕುಡಿದ ಬಡಾವಣೆಗಳಲ್ಲಿ ವಾಂತಿಭೇದಿ ಹರಡಿತು. ಕನಿಷ್ಠ ಐವರು ಪ್ರಾಣ ಕಳೆದುಕೊಂಡರು, ಆಸ್ಪತ್ರೆ ಸೇರಿದವರು ಅನೇಕರು. ರಾಂಪುರ ಜಲಾಶಯದ ಶುದ್ಧೀಕರಣ ಘಟಕದ ಹೂಳನ್ನು ವರ್ಷಗಳಿಂದ ತೆಗೆದಿರಲಿಲ್ಲವೆಂಬುದು ಆಗ ಬಯಲಾಯಿತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯ ಕೇಂದ್ರದಲ್ಲಿ ನೀರು ಕುಡಿದು ಜನ ಸತ್ತರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತನಿಖೆಗೆ ಆದೇಶಿಸಿ, ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಅದೇ ಕಥೆ, ಈ ಬಾರಿ ಸತ್ತದ್ದು ಪುಟ್ಟ ಬಾಲಕ.

ಹಣವಿರಲಿಲ್ಲವೇ? 15ನೇ ಹಣಕಾಸು ಆಯೋಗ ಗ್ರಾಮ ಪಂಚಾಯತ್‌ಗಳಿಗೂ ಸಣ್ಣ ನಗರಗಳಿಗೂ 2021ರಿಂದ 2026ರವರೆಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಅಂದರೆ ಆ ಹಣದ ಮೇಲೆ ‘ನೀರು’ ಎಂದು ಬರೆದೇ ಕಳುಹಿಸಲಾಗುತ್ತಿತ್ತು. ಇನ್ನೊಂದು ಕಹಿ ಕಾಕತಾಳೀಯ: ಸಾವುಗಳು ಸಂಭವಿಸಿ ಎರಡು ತಿಂಗಳೂ ತುಂಬದ 2022ರ ಜುಲೈ 18ರಂದು ಪೊಟ್ಟಣದ ಅಕ್ಕಿ, ಹಿಟ್ಟು, ಮೊಸರಿನ ಮೇಲೆ ಶೇ. 5 ಜಿಎಸ್‌ಟಿ ಜಾರಿಗೆ ಬಂತು. ಸೋನಾ ಮಸೂರಿಗೆ ಹೆಸರಾದ ಊರಿನವರು ತಮ್ಮ ಅಕ್ಕಿಗೇ ತೆರಿಗೆ ಕೊಡತೊಡಗಿದರು. ನಲ್ಲಿಯಲ್ಲಿ ಬರುವ ನೀರನ್ನು ಮಾತ್ರ ಹೆದರಿಕೊಂಡೇ ಕುಡಿಯುತ್ತಿದ್ದರು.

ಲೆಕ್ಕ ಕೇಳಬೇಕಾದ ಪೀಠಗಳೂ ಖಾಲಿಯಾದವು. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಖರ್ಚು ಮಾಡುವವರೂ ಖರ್ಚು ಒಪ್ಪುವವರೂ ಅಧಿಕಾರಿಗಳೇ ಆದರು. ಆಳುವ ಪಕ್ಷ ಬದಲಾಯಿತು, ಈ ವ್ಯವಸ್ಥೆ ಬದಲಾಗಲಿಲ್ಲ. ಎರಡೂ ಪಕ್ಷಗಳಿಗೆ ಇದು ಅನುಕೂಲವೇ ಆಗಿತ್ತೆಂದು ಭಾವಿಸದೆ ವಿಧಿಯಿಲ್ಲ. ಅರಕೇರಾ ಹೋಬಳಿಯಿಂದ ತಾಲೂಕಾಗಿದೆ, ರಾಯಚೂರು ನಗರಸಭೆ ಮಹಾನಗರ ಪಾಲಿಕೆಯಾಗಿದೆ. ಫಲಕಗಳು ಬದಲಾದಷ್ಟು ಬೇಗ ಕೊಳಾಯಿಗಳು ಬದಲಾಗುವುದಿಲ್ಲ.

ಇನ್ನು ನಮ್ಮ ಮಾತಿಗೆ ಬರೋಣ. ನಮ್ಮ ಮೊಹಲ್ಲಾಗಳಲ್ಲಿ ಮಸೀದಿಯ ವಾರ್ಷಿಕ ಲೆಕ್ಕ ಮಂಡನೆಯಾಗುವ ದಿನ ಎಂತಹ ಚರ್ಚೆ! ಟ್ಯೂಬ್‌ಲೈಟಿಗೆ 300 ರೂಪಾಯಿ ಏಕೆ, ರಶೀದಿ ಎಲ್ಲಿ, ಕಮಿಟಿಯನ್ನು ಕೇಳಿದಿರಾ? ಈ ಲೇಖಕನೂ ಅಂತಹ ಜಗಳಗಳಲ್ಲಿ ಪಾಲ್ಗೊಂಡವನೇ; ಅದು ಒಳ್ಳೆಯ ಜಗಳ. ಅಂಗಿಯ ಬಟ್ಟೆ ಎಲ್ಲಿಂದ ಬಂತೆಂದು ಖಲೀಫರನ್ನೇ ಕೇಳಿದ ಸಾಮಾನ್ಯನ ಕಥೆಯನ್ನು ಮಿಂಬರಿನಿಂದ ಕೇಳಿ ತಲೆದೂಗುತ್ತೇವೆ. ಆದರೆ ಪಾಲಿಕೆಯ ಆಯವ್ಯಯ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಆಹ್ವಾನಿಸುವ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ಅದರ ಮೇಲೆ ಮಿರ್ಚಿ ಭಜಿ ಇಟ್ಟು ತಿನ್ನುತ್ತೇವೆ. ಗ್ರಾಮ ಪಂಚಾಯತ್‌ಗಳಲ್ಲಿ ಪ್ರತಿವರ್ಷ ಜಮಾಬಂದಿ ನಡೆಯಬೇಕು, ಆದಾಯ–ವೆಚ್ಚದ ಪುಸ್ತಕಗಳನ್ನು ಜನರೆದುರು ತೆರೆದಿಡಬೇಕು. ಅಲ್ಲಿಗೆ ಹೋಗುವವರೆಷ್ಟು ಮಂದಿ? ಕೌನ್ಸಿಲರನ ಬಳಿ ಪಡಿತರ ಚೀಟಿಗಾಗಿ, ಆಶ್ರಯ ಮನೆಗಾಗಿ ಹೋಗುತ್ತೇವೆ. ಫಲಾನುಭವಿಯಾಗಿ ಹೋಗುವವನಿಗೆ ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಅವನು ಅಲ್ಲಿಗೆ ತೆರಿಗೆದಾರನಾಗಿಯೂ ಹೋಗಬಹುದು.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಗಳಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನಗಳ ಗಡುವಿದೆ. 150 ಪದ ಧಾರಾಳವಾಯಿತು. ರಾಂಪುರದ ಶುದ್ಧೀಕರಣ ಘಟಕದ ಹೂಳನ್ನು ಕೊನೆಯ ಬಾರಿ ತೆಗೆದ ದಿನಾಂಕ ಯಾವುದು, ಅದಕ್ಕೆ ಪಾವತಿಯಾದ ಬಿಲ್ ಎಷ್ಟು, ನಮ್ಮ ವಾರ್ಡಿನ ನಲ್ಲಿ ನೀರಿನ ಪರೀಕ್ಷಾ ವರದಿಗೆ ಸಹಿ ಹಾಕಿದವರು ಯಾರು ಎಂದು ಕೇಳಲು ಅದರ ಕಾಲು ಭಾಗ ಸಾಕು.