ಮುಖಕ್ಕೆ ಮಣ್ಣು ಹಚ್ಚಿ, ಬೆಳ್ಳಗಾಗೋಕೆ ಅಲ್ಲ

ಮೂರು ವಾರದ ಹಿಂದೆ ಅಕ್ಕನ ಮಗಳು ಹಾಸ್ಟೆಲ್‌ನಿಂದ ವಿಡಿಯೋ ಕಾಲ್ ಮಾಡಿದಳು. ಎರಡೂ ಕೆನ್ನೆ ಮೇಲೆ ಕೆಂಡ ತಾಗಿದ ಹಾಗೆ ಕಲೆ. "ಚಿಕ್ಕವ್ವ, ಅವ್ವಂಗೆ ಹೇಳ್ಬೇಡ" ಅನ್ನೋದೇ ಮೊದಲ ಮಾತು.

ಪಿಯುಸಿ ಓದೋ ಹುಡುಗಿ. ಕಾಲೇಜ್ ಡೇಗೆ ನಾಲ್ಕು ದಿನ ಇರುವಾಗ ಯಾವುದೋ ವಿಡಿಯೋ ನೋಡಿ ಮುಲ್ತಾನಿ ಮಿಟ್ಟಿಗೆ ನಿಂಬೆಯ ಎಸೆನ್ಶಿಯಲ್ ಆಯಿಲ್ ಹತ್ತು ಹನ್ನೆರಡು ಹನಿ ಸುರಿದು ಮೆತ್ತಿಕೊಂಡಿದ್ದಾಳೆ. ಒಣಗಿ ಬಿರುಕು ಬಿಡೋವರೆಗೂ ಕೂತು, ತೊಳೆದು, ನೆಟ್ಟಗೆ ಮಧ್ಯಾಹ್ನದ ಬಿಸಿಲಲ್ಲಿ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋಗಿದ್ದಾಳೆ. ಮಾರನೇ ದಿನ ಉರಿ, ಕೆಂಪು, ಸಣ್ಣ ಗುಳ್ಳೆ. ಈಗ ಅದೇ ಜಾಗ ಕಪ್ಪಗಾಗಿದೆ. ಹೋಗೋಕೆ ತಿಂಗಳುಗಟ್ಟಲೆ ಬೇಕು ಅಂದಿದ್ದಾರೆ ಡಾಕ್ಟರು.

ಯಾಕವ್ವ ಹಚ್ಕೊಂಡೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಡ್ಯಾನ್ಸಲ್ಲಿ ನನ್ನ ಹಿಂದಿನ ಸಾಲಿಗೆ ಹಾಕಿದ್ರು. ಮುಂದಿನ ಸಾಲಿಗೆ ಕಲರ್ ಇರೋರು ಬೇಕಂತೆ."

ಕಲರ್ ಅಂತೆ! ಇವಳ ಮೈಗೆ ಇರೋದು ಏನು ಹಾಗಾದ್ರೆ?

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಮನೇಲಿ ಫೇಸ್ ಪ್ಯಾಕ್ ಮಾಡ್ಕೊಳ್ಳೋದಕ್ಕೆ ನನ್ನ ವಿರೋಧ ಇಲ್ಲ. ನಾನೂ ಮಾಡ್ಕೋತೀನಿ. ಸಭೆ, ಧರಣಿ, ಬಸ್ಸು, ಧೂಳು ಅಂತ ವಾರವೆಲ್ಲಾ ಅಲೆದು ಬಂದ ಮುಖಕ್ಕೆ ತಣ್ಣಗೆ ಮಣ್ಣು ಹಚ್ಚಿ ಹತ್ತು ನಿಮಿಷ ಕಣ್ಣು ಮುಚ್ಚೋದು ಸುಖ. ಪಾರ್ಲರಿಗೆ ಕೊಡೋ ದುಡ್ಡೂ ಉಳಿಯುತ್ತೆ. ಆದರೆ ಮಣ್ಣು ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದು ನಮ್ಮ ಹುಡುಗಿಯರಿಗೆ ಗೊತ್ತಿರಬೇಕು.

ಮಣ್ಣು ಜಿಡ್ಡು ಹೀರುತ್ತೆ, ಕೊಳೆ ಎಳೆಯುತ್ತೆ. ಅಷ್ಟೇ. ಚರ್ಮದ ಬಣ್ಣ ಕೊಡೋದು ಮೆಲನಿನ್. ಅದನ್ನ ತಯಾರು ಮಾಡೋ ಜೀವಕೋಶಗಳು ಕಪ್ಪಗಿರೋರಲ್ಲೂ ಬೆಳ್ಳಗಿರೋರಲ್ಲೂ ಹೆಚ್ಚುಕಮ್ಮಿ ಒಂದೇ ಸಂಖ್ಯೆಯಲ್ಲಿ ಇರ್ತವೆ, ತಯಾರಾಗೋ ಬಣ್ಣದ ಪ್ರಮಾಣ, ಬಗೆ ಮಾತ್ರ ಬೇರೆ. ಮೇಲೆ ಮೆತ್ತಿದ ಮಣ್ಣು ಆ ಕೆಲಸ ನಿಲ್ಲಿಸಲ್ಲ. ಹಚ್ಚಿ ತೊಳೆದ ಮೇಲೆ ಮುಖ ಬೆಳ್ಳಗೆ ಕಾಣೋದು ಜಿಡ್ಡು ಹೋಗಿರೋದಕ್ಕೆ. ಸಾಯಂಕಾಲದ ಹೊತ್ತಿಗೆ ಮತ್ತೆ ನಮ್ಮ ಮುಖ ನಮಗೆ.

ಎಸೆನ್ಶಿಯಲ್ ಆಯಿಲ್ ಕಥೆ ಬೇರೆ. ರಾಶಿ ರಾಶಿ ಸೊಪ್ಪು, ಹೂವು, ಸಿಪ್ಪೆಯ ಸಾರವೆಲ್ಲ ಒಂದು ಪುಟ್ಟ ಸೀಸೆಗೆ ಇಳಿದಿರುತ್ತೆ. ಗಿಡದಿಂದ ಬಂದದ್ದು, ನ್ಯಾಚುರಲ್, ಏನೂ ಆಗಲ್ಲ ಅಂತಾರೆ. ತುರಿಕೆಸೊಪ್ಪೂ ನ್ಯಾಚುರಲ್ಲೇ. ಹಿಂಡಿ ತೆಗೆದ ನಿಂಬೆ ಎಣ್ಣೆ, ಬರ್ಗಮಾಟ್ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತೆ. ನಮ್ಮಂಥ ಕಪ್ಪು ಚರ್ಮಕ್ಕೆ ಗಾಯ ಆದರೆ ಕಲೆ ಇನ್ನೂ ಗಾಢವಾಗಿ, ಬಹಳ ದಿನ ಉಳಿಯುತ್ತೆ. ಬೆಳ್ಳಗಾಗೋಕೆ ಹೋದ ಹುಡುಗಿಗೆ ಸಿಕ್ಕಿದ್ದು ಇನ್ನೂ ಕಪ್ಪು ಕಲೆ!

ಹಾಕಲೇಬೇಕು ಅಂದ್ರೆ ಟೀ ಟ್ರೀನೋ ಲ್ಯಾವೆಂಡರೋ 1 ಹನಿ, 1 ಟೀ ಚಮಚ ಬಾದಾಮಿ ಎಣ್ಣೆಗೆ ಬೆರೆಸಿ, ಆಮೇಲೆ ಮಣ್ಣಿಗೆ ಹಾಕಿ. ನೇರವಾಗಿ ನೀರಿಗೆ ಹಾಕಿದರೆ ಬೆರೆಯಲ್ಲ, ಮೇಲೆ ತೇಲಿ ಒಂದೇ ಕಡೆ ಸುಡುತ್ತೆ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಮಣ್ಣು ಪೂರ್ತಿ ಒಣಗೋ ಮೊದಲೇ ತೊಳೀರಿ. ಕಲಸಿದ್ದು ಮಿಕ್ಕರೆ ಚೆಲ್ಲಿ, ಎತ್ತಿಡಬೇಡಿ. ಮತ್ತೆ, 150 ರೂಪಾಯಿಗೆ ಬರೋ ಗಂಧದೆಣ್ಣೆ ಗಂಧದ್ದಲ್ಲ, ಮೈಸೂರಿನ ಸುತ್ತ ಹುಟ್ಟಿದ ನಮಗೆ ಅಷ್ಟಾದರೂ ಗೊತ್ತಿರಬೇಕು.

ಎಣ್ಣೆ ಇಲ್ಲದೆ ಬರೀ ಮೊಸರಲ್ಲಿ ಕಲಸಿದರೂ ನಡೆಯುತ್ತೆ. ನಾನು ಮಾಡೋದು ಹಾಗೇ.

ಈ ಮಣ್ಣಿನ ಬಗ್ಗೆ ಇನ್ನೊಂದು ಹೇಳಬೇಕು. ಮುಲ್ತಾನಿ ಮಿಟ್ಟಿಗೆ ಹೆಸರು ಕೊಟ್ಟ ಮುಲ್ತಾನ್ ಈಗ ಪಾಕಿಸ್ತಾನದಲ್ಲಿದೆ. ನಮ್ಮ ದೇಶದಲ್ಲಿ ರಾಜಸ್ಥಾನದ ಬಾರ್ಮೇರ್, ಬಿಕಾನೇರ್ ಕಡೆ ಅಗೆದು ತೆಗೀತಾರೆ. ಇಂಗ್ಲಿಷಲ್ಲಿ ಇದು ಫುಲ್ಲರ್ಸ್ ಅರ್ತ್. ಫುಲ್ಲರ್ ಅಂದರೆ ಉಣ್ಣೆ ಬಟ್ಟೆ ತುಳಿದು ಜಿಡ್ಡು ತೆಗೆಯೋ ಕೆಲಸಗಾರ. ನಮ್ಮಲ್ಲಿ ಮಡಿವಾಳರು ಊರಿನ ಕೊಳೆಬಟ್ಟೆಯನ್ನ ಚೌಳು ಮಣ್ಣಲ್ಲಿ ಒಗೆದ ಹಾಗೆ. ದುಡಿಯೋರ ಕೈಯಲ್ಲಿದ್ದಾಗ ಅದು ಬರೀ ಮಣ್ಣು. ಗಾಜಿನ ಡಬ್ಬಿಗೆ ಬಿದ್ದು ಲೇಬಲ್ ಅಂಟಿದ ಮೇಲೆ ಸ್ಪಾ.

ನಮ್ಮವ್ವ ಕೆರೆ ಹೂಳು ತೆಗೆಯೋ ಕೆಲಸದಲ್ಲಿ ಮಂಕರಿ ಹೊತ್ತು ಹೊತ್ತು ನೆತ್ತಿ ಸವೆಸಿದವಳು. ಸೋಪಿಗೆ ದುಡ್ಡಿಲ್ಲದ ದಿನ ಅದೇ ಕೆರೆಯ ನುಣುಪು ಜೇಡಿಮಣ್ಣು ತಂದು ನೆನೆಹಾಕಿ ನಮ್ಮ ತಲೆ ತೊಳೀತಿದ್ಲು. ಸ್ಕೂಲಲ್ಲಿ ನಮ್ಮ ಪಕ್ಕ ಕೂರೋರು ಮಣ್ಣು ವಾಸನೆ ಅಂತ ಮೂಗು ಮುಚ್ಕೋತಿದ್ರು. (ಈಗ ಕೆರೆ ಮಣ್ಣು ತಂದು ಮುಖಕ್ಕೆ ಹಚ್ಚಬೇಡಿ. ಚರಂಡಿ ನೀರು, ಹೊಲದ ಔಷಧಿ ಎಲ್ಲಾ ಅಲ್ಲಿಗೇ ಬಂದು ಸೇರ್ತಿದೆ.)

ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ. 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಅಂತ ಇಟ್ಟರು. ಮನೆಮದ್ದಿನ ವಿಡಿಯೋಗಳಿಗೆ ಹೆಸರು ಬದಲಿಸೋ ಮುಜುಗರವೂ ಇಲ್ಲ. ಏಳೇ ದಿನದಲ್ಲಿ ಹಾಲಿನಂಥ ಬಣ್ಣ ಅಂತ ರಾಜಾರೋಷವಾಗಿ ಹೇಳ್ತಾರೆ. ಬಣ್ಣ ಅಂದಾಗ ನಮ್ಮ ಕಿವಿಗೆ ಜಾತಿ ಕೇಳಿಸುತ್ತೆ. ಬೆಳ್ಳಗಿರೋ ಹೊಲೆಯನನ್ನೂ ಕಪ್ಪಗಿರೋ ಬ್ರಾಹ್ಮಣನನ್ನೂ ನಂಬಬೇಡ ಅನ್ನೋ ಗಾದೆ ಕಟ್ಟಿದ ಸಮಾಜ ಇದು. ನಮ್ಮಲ್ಲಿ ಸ್ವಲ್ಪ ಬೆಳ್ಳಗಿರೋರಿಗೆ ಸಿಗೋ ಹೊಗಳಿಕೆ ಕೇಳಿದ್ದೀರಾ? "ನಿಮ್ಮನ್ನ ನೋಡಿದ್ರೆ ಎಸ್ಸಿ ಅಂತ ಗೊತ್ತೇ ಆಗಲ್ಲ." ಕಪ್ಪು ಬಣ್ಣದ ಹುಡುಗಿಯರು ಎಲ್ಲಾ ಜಾತೀಲೂ ಅಳ್ತಾರೆ, ಒಪ್ತೀನಿ. ಆದರೆ ನಮ್ಮ ಹುಡುಗಿ ಅಳುವಾಗ ಎರಡು ಲೆಕ್ಕ ಒಟ್ಟಿಗೆ ಇರ್ತವೆ.

ಹೋರಾಟ ಬಿಟ್ಟು ಫೇಸ್ ಪ್ಯಾಕ್ ಬಗ್ಗೆ ಬರೀತಿದ್ದೀಯಲ್ಲಕ್ಕ ಅಂತ ಕೆಲವು ತಮ್ಮಂದಿರು ಕಮೆಂಟ್ ಹಾಕೋದು ಗ್ಯಾರಂಟಿ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳ ಜೊತೆ ಮಾತಾಡಿದ್ದನ್ನ ಓದಿಕೊಳ್ಳಿ. ಅಸ್ಪೃಶ್ಯರು ಅಂತ ಗುರುತು ಹೇಳೋ ಹಾಗೆ ಸೀರೆ ಉಡೋದು, ಭಾರದ ಒಡವೆ ಹಾಕೋದು ಬಿಡಿ ಅಂದರು. ಹೆಣ್ಣುಮಕ್ಕಳು ಅಲ್ಲೇ ಸೀರೆ ಉಡೋ ರೀತಿ ಬದಲಿಸಿದರು. ಹೆಣ್ಣು ತನ್ನ ಮೈಯನ್ನ ಹೇಗೆ ಇಟ್ಕೋತಾಳೆ ಅನ್ನೋದು ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ. ಅವರು ಕಳಚಿ ಅಂದದ್ದು ಮೇಲೆ ಹೇರಿದ ಗುರುತನ್ನ. ಚರ್ಮವನ್ನಲ್ಲ.

ಹೋದ ಭಾನುವಾರ ಅವಳು ಮನೆಗೆ ಬಂದಿದ್ದಳು. ಕಲೆ ಮಾಯೋವರೆಗೂ ನಿನ್ನ ಮುಖಕ್ಕೆ ಏನೂ ಬೇಡ ಅಂದೆ. ಸರಿ ಅಂತ ಅವಳೇ ಮೊಸರಲ್ಲಿ ಮಣ್ಣು ಕಲಸಿ ನನಗೆ ಹಚ್ಚಿದಳು. ಅವ್ವ ಬಾಗಿಲಲ್ಲಿ ಕೂತು ನೋಡ್ತಾ, "ಜೀವಮಾನ ಎಲ್ಲಾ ನಾನು ತಲೆ ಮೇಲೆ ಹೊತ್ತಿದ್ದನ್ನ ದುಡ್ಡು ಕೊಟ್ಟು ಮೂತಿಗೆ ಬಳ್ಕೋತೀರಲ್ಲೇ" ಅಂತ ನಕ್ಕಳು. ಸ್ವಲ್ಪ ಹೊತ್ತಿಗೆ "ನಂಗೂ ಒಂಚೂರು ಹಚ್ಚು ಮಗ" ಅಂತ ಮುಖ ಮುಂದೆ ಮಾಡಿದಳು.

ಕಾಲೇಜಿಗೆ ಪತ್ರ ಕೊಟ್ಟಿದ್ದೀವಿ. ಡ್ಯಾನ್ಸಿಗೆ ಯಾರು ಯಾವ ಸಾಲಲ್ಲಿ ನಿಲ್ಲಬೇಕು ಅಂತ ಯಾವ ಆಧಾರದ ಮೇಲೆ ತೀರ್ಮಾನ ಮಾಡಿದಿರಿ ಅಂತ ಎರಡೇ ಸಾಲು ಕೇಳಿದ್ದೀವಿ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಹಾಕ್ತೀನಿ.

ಜೈಭೀಮ್.